ಅಕ್ಕನ ಪ್ಲೇಯರ್ ಬಿಚ್ಚಿದ ದಿನಗಳು

"ಕೇಬಲ್ಲನ್ನ ಎಡಕ್ಕೆ ಒತ್ತಿ ಹಿಡಿದ್ರೆ ಮಾತ್ರ ಟಿಂಗ್ ಅನ್ನುತ್ತೆ ಕಣೋ. ಕೈ ಬಿಟ್ರೆ ಇಲ್ಲ."

ಅಕ್ಕ ಈ ಮಾತು ಹೇಳಿದ್ದು ಅವಳು ಪುಸ್ತಕ ಕೇಳುವ ಪ್ಲೇಯರ್ ಪೂರ್ತಿ ನಿಂತುಹೋಗುವುದಕ್ಕೆ ಎರಡು ತಿಂಗಳು ಮೊದಲು. ಚಾರ್ಜ್ ಶುರುವಾದಾಗ ಅದು ಟಿಂಗ್ ಅನ್ನುತ್ತದೆ. ನಾನು ಹೂಂ ಅಂದೆ, ಬೇರೆ ಕೇಬಲ್ ತಂದುಕೊಟ್ಟೆ. ಹೊಸ ಕೇಬಲ್ಲಿನ ತುದಿ ಬಿಗಿಯಾಗಿ ಕೂತು ಕೆಲವು ದಿನ ಕೆಲಸ ನಡೆಯಿತು. ಆಮೇಲೆ ಒಂದು ದಿನ ಒತ್ತಿ ಹಿಡಿದರೂ ಟಿಂಗ್ ಅನ್ನಲಿಲ್ಲ. ಅಲ್ಲಿಗೆ ಪ್ಲೇಯರ್ ಮೌನವಾಯಿತು.

ಅಕ್ಕನ ದೃಷ್ಟಿ ಹಲವು ವರ್ಷಗಳಿಂದ ಮಸುಕಾಗುತ್ತ ಬಂದು, ಈಗ ಬೆಳಕು ನೆರಳಿನ ಆಚೆಗೆ ಏನೂ ಕಾಣುವುದಿಲ್ಲ. ಓದುವುದನ್ನು ಮಾತ್ರ ಅವಳು ಬಿಟ್ಟಿಲ್ಲ. ಅಂಗೈಯಗಲದ ಆ ಪ್ಲೇಯರಿನಲ್ಲಿ ಡೈಸಿ ಮಾದರಿಯ ಪುಸ್ತಕಗಳನ್ನು ಕೇಳುತ್ತಾಳೆ. ಡೈಸಿ ಅಂದರೆ ದೃಷ್ಟಿ ಇಲ್ಲದವರಿಗೆಂದೇ ರೂಪಿಸಿದ ಧ್ವನಿ ಪುಸ್ತಕದ ವಿಧಾನ. ಅದನ್ನು ನೋಡಿಕೊಳ್ಳುವ ಒಕ್ಕೂಟ 1996ರಲ್ಲಿ ಶುರುವಾಯಿತು. ಸಾದಾ ಎಂಪಿ3 ಕಡತದಲ್ಲಿ ಹಿಂದಕ್ಕೂ ಮುಂದಕ್ಕೂ ತಡಕಾಡಬೇಕು. ಇದರಲ್ಲಿ ಅಧ್ಯಾಯದಿಂದ ಅಧ್ಯಾಯಕ್ಕೆ ಜಿಗಿಯಬಹುದು, ಪುಟದ ಸಂಖ್ಯೆ ಒತ್ತಿ ನೇರ ಆ ಪುಟಕ್ಕೇ ಹೋಗಬಹುದು. ಎಲ್ಲಿ ನಿಲ್ಲಿಸಿದ್ದೆವೋ ಅಲ್ಲಿಂದಲೇ ಅದು ಮತ್ತೆ ಓದಲು ಶುರುಮಾಡುತ್ತದೆ. ಯಂತ್ರದ ಮೈಮೇಲೆ ಹಳೆಯ ಫೋನಿನಂತೆ ಒಂದರಿಂದ ಒಂಬತ್ತು, ಸೊನ್ನೆ, ಎಲ್ಲ ಉಬ್ಬಿದ ಗುಂಡಿಗಳು. ಐದರ ಮೇಲೆ ಒಂದು ಸಣ್ಣ ಚುಕ್ಕೆ. ಆ ಚುಕ್ಕೆಯ ಮೇಲೆ ಬೆರಳಿಟ್ಟರೆ ಉಳಿದೆಲ್ಲ ಗುಂಡಿಗಳೂ ಅಕ್ಕನಿಗೆ ಮನೆಯ ಕೋಣೆಗಳಷ್ಟು ಪರಿಚಿತ.

ಫೋನಿನಲ್ಲೂ ಪುಸ್ತಕ ಕೇಳಬಹುದು, ಪರದೆಯ ಮೇಲಿರುವುದನ್ನು ಓದಿ ಹೇಳುವ ವ್ಯವಸ್ಥೆಯೂ ಈಗ ಚೆನ್ನಾಗಿದೆ. ಅಕ್ಕ ಅದನ್ನು ಬಳಸುತ್ತಾಳೆ ಕೂಡ. ಆದರೆ ನುಣ್ಣಗಿನ ಗಾಜಿನ ಮೇಲೆ ಬೆರಳಿಗೆ ಏನೂ ಸಿಗುವುದಿಲ್ಲ. "ಇದ್ರಲ್ಲಿ ಪುಸ್ತಕ ಕೈಲಿದೆ ಅನ್ಸುತ್ತೆ, ಫೋನಲ್ಲಿ ಹಾಗನ್ಸಲ್ಲ" ಅನ್ನುತ್ತಾಳೆ. ತಯಾರಕರ ಸಹಾಯ ಕೇಂದ್ರಕ್ಕೆ ಬರೆದೆ. ಆ ಮಾದರಿ ನಿಂತುಹೋಗಿದೆ, ಬಿಡಿಭಾಗ ಇಲ್ಲ, ಹೊಸದು ಕೊಳ್ಳಿ ಎಂದು ಉತ್ತರ ಬಂತು. ಹೀಗೆ ಬರೆಯುವುದು, ಕಾಯುವುದು, ಮತ್ತೆ ಬರೆಯುವುದು, ಇದರಲ್ಲೇ ಐದು ತಿಂಗಳು ಪ್ಲೇಯರ್ ಮೇಜಿನ ಖಾನೆಯಲ್ಲಿ ಬಿದ್ದಿತ್ತು. ಕೊನೆಗೆ ನಾನೇ ಬಿಚ್ಚುವುದೆಂದು ತೀರ್ಮಾನಿಸಿದೆ. ಅದಕ್ಕೆ ಮೊದಲು ನಾನು ಬಿಚ್ಚಿ ನೋಡಿದ್ದೆಂದರೆ ಒಂದು ಗೋಡೆ ಗಡಿಯಾರ, ಒಂದು ಟಾರ್ಚು, ಅಷ್ಟೇ.

ಮೊದಲು ಮೆಮೊರಿ ಕಾರ್ಡನ್ನು ಹೊರತೆಗೆದು ಬೇರೆ ಕಡೆ ಇಟ್ಟೆ. ಪುಸ್ತಕಗಳೆಲ್ಲ ಅದರಲ್ಲಿದ್ದವು. ಅದರ ಇನ್ನೊಂದು ಪ್ರತಿಯನ್ನು ಕಂಪ್ಯೂಟರಿನಲ್ಲಿ ಮಾಡಿಟ್ಟ ಮೇಲೇ ಸ್ಕ್ರೂಡ್ರೈವರ್ ಕೈಗೆತ್ತಿಕೊಂಡೆ. ಈ ಒಂದು ವಿಷಯದಲ್ಲಿ ನಾನು ಮೊದಲಿಂದಲೂ ಸರಿಯಾಗಿ ನಡೆದುಕೊಂಡೆ.

ಹಿಂಬದಿಯಲ್ಲಿ ನಾಲ್ಕು ತಿರುಪುಗಳು ಕಾಣುತ್ತಿದ್ದವು. ನಾಲ್ಕನ್ನೂ ಬಿಚ್ಚಿದರೂ ಮುಚ್ಚಳದ ಕೆಳತುದಿ ಅಲುಗಲಿಲ್ಲ. ಬಲವಾಗಿ ಎಳೆಯಲು ಕೈ ಹೋಗುತ್ತಿತ್ತು. ಎಳೆಯುವ ಬದಲು ಮಾದರಿ ಸಂಖ್ಯೆಯ ಚೀಟಿಯ ಮೇಲೆ ಉಗುರಿನಿಂದ ನಿಧಾನ ಸವರಿದೆ. ಒಂದು ಕಡೆ ತಗ್ಗು ಸಿಕ್ಕಿತು. ಐದನೆಯ ತಿರುಪು ಚೀಟಿಯ ಅಡಿಯಲ್ಲಿತ್ತು. ಮುಚ್ಚಳ ಬಾರದಿದ್ದರೆ ಬಲ ಹಾಕುವ ಮೊದಲು ಚೀಟಿ, ರಬ್ಬರ್ ಪಾದ, ಮುಚ್ಚಿಗೆ ಇವುಗಳ ಅಡಿ ನೋಡಬೇಕು.

ತಿರುಪುಗಳಲ್ಲಿ ಎರಡು ಅಳತೆ ಇದ್ದವು. ಮೇಲಿನ ಎರಡು ಉದ್ದ, ಕೆಳಗಿನ ಮೂರು ಗಿಡ್ಡ. ಇಷ್ಟು ಸಣ್ಣ ಯಂತ್ರಗಳಲ್ಲಿ ಒಂದೆರಡು ಮಿಲಿಮೀಟರಿನ ವ್ಯತ್ಯಾಸವೂ ದೊಡ್ಡದು. ಗಿಡ್ಡ ತಿರುಪಿನ ತೂತಿಗೆ ಉದ್ದದ್ದನ್ನು ತಿರುಗಿಸಿದರೆ ಅದರ ಮೊನೆ ಅಡಿಯ ಸರ್ಕ್ಯೂಟ್ ಬೋರ್ಡನ್ನು ಚುಚ್ಚಿ ಒಳಪದರದ ತಾಮ್ರದ ಗೆರೆಯನ್ನು ಕತ್ತರಿಸಬಲ್ಲದು. ಹಾಗಾಗಿ ಬಿಳಿ ಹಾಳೆಯ ಮೇಲೆ ಯಂತ್ರದ ಹಿಂಬದಿಯ ಚಿತ್ರ ಬರೆದು, ಯಾವ ತಿರುಪು ಎಲ್ಲಿಂದ ಬಂತೋ ಅಲ್ಲೇ ಅದನ್ನು ಅಂಟುಪಟ್ಟಿಯಿಂದ ಅಂಟಿಸಿದೆ.

ಮುಚ್ಚಳದ ಅಂಚಿನ ಕೊಂಡಿಗಳನ್ನು ಬಿಡಿಸುವಾಗ ಚಾಕುವಿನ ಮೊನೆ ಹಾಕಿದೆ, ಅದು ತಪ್ಪು. ಒಂದು ಮೂಲೆಯಲ್ಲಿ ಪ್ಲಾಸ್ಟಿಕ್ ಕಚ್ಚಾಗಿ ಎದ್ದಿತು. ಅಲ್ಲಿಗೆ ಚಾಕು ಬಿಟ್ಟು, ಅವಧಿ ಮುಗಿದ ಒಂದು ಪ್ಲಾಸ್ಟಿಕ್ ಕಾರ್ಡು ತುರುಕಿ ಅಂಚಿನುದ್ದಕ್ಕೂ ಜಾರಿಸಿದೆ. ಟಕ್ ಟಕ್ ಎಂದು ಕೊಂಡಿಗಳು ತಾವೇ ಬಿಟ್ಟುಕೊಂಡವು.

ಒಳಗೆ ಮೊದಲು ಕಂಡದ್ದು ಬ್ಯಾಟರಿ. ಬೆಳ್ಳಿ ಬಣ್ಣದ ಚಪ್ಪಟೆ ಪೊಟ್ಟಣ, ಮಧ್ಯದಲ್ಲಿ ಸ್ವಲ್ಪ ಉಬ್ಬಿತ್ತು. ಲಿಥಿಯಂ ಬ್ಯಾಟರಿಯ ಒಳಗಿನ ದ್ರಾವಣ ಒಡೆದು ಅನಿಲವಾದಾಗ ಪೊಟ್ಟಣ ಹೀಗೆ ಉಬ್ಬುತ್ತದೆ. ವೋಲ್ಟೇಜ್ ಅಳೆಯುವ ಮಲ್ಟಿಮೀಟರಿನ ಎರಡು ಕಡ್ಡಿಗಳನ್ನು ಅದರ ತಂತಿಗಳ ತುದಿಯ ಕನೆಕ್ಟರಿಗೆ ಮುಟ್ಟಿಸಿದೆ. 3.7 ವೋಲ್ಟ್‌ನ ಬ್ಯಾಟರಿ, ತುಂಬಿದಾಗ 4.2 ತೋರಿಸಬೇಕಾದದ್ದು, 0.02 ತೋರಿಸಿತು.

ಸಿಕ್ಕಿತು, ಬ್ಯಾಟರಿ ಸತ್ತಿದೆ ಅಂದುಕೊಂಡೆ. ಅಕ್ಕನಿಗೂ ಹಾಗೇ ಹೇಳಿದೆ. ಆ ಕ್ಷಣದಲ್ಲಿ ಅವಳ ಹಳೆಯ ಮಾತು, ಕೇಬಲ್ಲನ್ನು ಎಡಕ್ಕೆ ಒತ್ತಿ ಹಿಡಿಯುವ ಮಾತು, ನನಗೆ ನೆನಪಾಗಬೇಕಿತ್ತು. ಆಗಲಿಲ್ಲ.

ಆ 0.02ರ ಬಗ್ಗೆ ಸ್ವಲ್ಪ ಹೇಳಬೇಕು. ಈ ಪೊಟ್ಟಣಗಳ ತಲೆಯಲ್ಲಿ, ಹಳದಿ ಪಟ್ಟಿಯ ಅಡಿ, ಬೆರಳುಗುರಿನಷ್ಟು ಅಗಲದ ರಕ್ಷಣಾ ಬೋರ್ಡು ಇರುತ್ತದೆ. ಒಳಗಿನ ಕೋಶ ಸುಮಾರು 2.5 ವೋಲ್ಟ್‌ಗೆ ಇಳಿದಾಗ ಅದು ಸಂಪರ್ಕ ಕಡಿದುಬಿಡುತ್ತದೆ. ಹೊರಗಿನಿಂದ ಅಳೆದರೆ ಸೊನ್ನೆ ಕಾಣುವುದು ಅದಕ್ಕೇ. ಕೋಶದಲ್ಲಿ ಇನ್ನೂ ಸ್ವಲ್ಪ ಉಳಿದಿರಬಹುದು. ರಕ್ಷಣಾ ಬೋರ್ಡನ್ನು ದಾಟಿಸಿ ನೇರ ಕೋಶಕ್ಕೇ ಕರೆಂಟು ಕೊಟ್ಟು ಎಬ್ಬಿಸುವ ವಿಡಿಯೋಗಳು ಬೇಕಾದಷ್ಟಿವೆ. ನಾನು ಅದಕ್ಕೆ ಕೈ ಹಾಕಲಿಲ್ಲ, ಯಾರೂ ಹಾಕಬಾರದು ಎಂದೇ ಹೇಳುತ್ತೇನೆ. ತಿಂಗಳುಗಟ್ಟಲೆ ತೀರಾ ಕೆಳಗೆ ಇಳಿದು ಕೂತ ಲಿಥಿಯಂ ಕೋಶದಲ್ಲಿ ತಾಮ್ರದ ಹಾಳೆ ಕರಗಿ ದ್ರಾವಣಕ್ಕೆ ಸೇರಲು ಶುರುವಾಗುತ್ತದೆ. ಮತ್ತೆ ಚಾರ್ಜ್ ಮಾಡಿದಾಗ ಆ ತಾಮ್ರ ಬೇಡದ ಕಡೆ ಹೋಗಿ ಕೂತು ಒಳಗೇ ಶಾರ್ಟ್ ಆಗಬಹುದು. ಅಕ್ಕ ತಲೆದಿಂಬಿನ ಪಕ್ಕದಲ್ಲೇ ಇಟ್ಟುಕೊಂಡು ಮಲಗುವ ಯಂತ್ರವದು.

ಬ್ಯಾಟರಿಯನ್ನು ಜೋಡಿ ಅಂಟಿನ ಪಟ್ಟಿಯಿಂದ ತಳಕ್ಕೆ ಅಂಟಿಸಿದ್ದರು. ಉಬ್ಬಿದ ಪೊಟ್ಟಣವನ್ನು ಲೋಹದ ಮೊನೆಯಿಂದ ಎಬ್ಬಿಸುವುದಂತೂ ಆಗದ ಮಾತು, ತೂತು ಬಿದ್ದರೆ ಬೆಂಕಿ. ಅಂಚಿಗೆ ಅಂಟು ಸಡಿಲಿಸುವ ಐಸೊಪ್ರೊಪೈಲ್ ಆಲ್ಕೊಹಾಲ್ ನಾಲ್ಕೈದು ಹನಿ ಬಿಟ್ಟು, ಸ್ವಲ್ಪ ಹೊತ್ತು ಬಿಟ್ಟು, ಹಲ್ಲಿನ ಸಂದು ಶುಚಿ ಮಾಡುವ ದಾರವನ್ನು ಅಡಿಗೆ ತೂರಿಸಿ ಗರಗಸದಂತೆ ಹಿಂದೆ ಮುಂದೆ ಎಳೆದೆ. ಇಪ್ಪತ್ತು ನಿಮಿಷ ಹಿಡಿಯಿತು. ಬ್ಯಾಟರಿ ಸವೆಯುವ ವಸ್ತು ಎಂದು ಮಾಡುವವರಿಗೆ ಗೊತ್ತು. ಗೊತ್ತಿದ್ದೂ ಅದನ್ನು ಅಂಟಿಸಿ ಮುಚ್ಚುವುದು ನನಗೆ ಒಪ್ಪಿಗೆಯಾಗುವುದಿಲ್ಲ. ಯುರೋಪಿಯನ್ ಒಕ್ಕೂಟದ 2023ರ ಬ್ಯಾಟರಿ ನಿಯಮದ ಪ್ರಕಾರ 2027ರ ಫೆಬ್ರವರಿ 18ರಿಂದ ಅಲ್ಲಿ ಮಾರುವ ಇಂಥ ಸಣ್ಣ ಯಂತ್ರಗಳ ಬ್ಯಾಟರಿಯನ್ನು, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಬಳಸುವವರೇ ಬಿಚ್ಚಿ ಬದಲಿಸುವಂತಿರಬೇಕು. ದಾರ ಎಳೆಯುತ್ತ ಕೂತ ಆ ಇಪ್ಪತ್ತು ನಿಮಿಷದಲ್ಲಿ ಈ ನಿಯಮ ಹತ್ತು ವರ್ಷ ಮೊದಲೇ ಬರಬೇಕಿತ್ತು ಅನ್ನಿಸಿತು. ಹೊರಬಂದ ಹಳೆಯ ಬ್ಯಾಟರಿಯ ಕನೆಕ್ಟರಿಗೆ ಅಂಟುಪಟ್ಟಿ ಸುತ್ತಿ, ಕಸದ ಬುಟ್ಟಿಗೆ ಹಾಕದೆ, ಎಲೆಕ್ಟ್ರಾನಿಕ್ ತ್ಯಾಜ್ಯ ತೆಗೆದುಕೊಳ್ಳುವ ಕಡೆ ಕೊಟ್ಟೆ.

ಹೊಸದನ್ನು ಹುಡುಕುವುದು ಅಂದುಕೊಂಡದ್ದಕ್ಕಿಂತ ಸುಲಭವಾಯಿತು. ಪೊಟ್ಟಣದ ಮೇಲೆ 503450 ಎಂದು ಮುದ್ರಿಸಿತ್ತು. ಮೊದಲು ಅದು ಯಾವುದೋ ಕ್ರಮಸಂಖ್ಯೆ ಅಂದುಕೊಂಡಿದ್ದೆ. ಅದು ಅಳತೆ: 5.0 ಮಿಲಿಮೀಟರ್ ದಪ್ಪ, 34 ಅಗಲ, 50 ಉದ್ದ. ಈ ಆರು ಅಂಕಿ ತಿಳಿದರೆ ಯಂತ್ರದ ಹೆಸರೇ ಬೇಡ, ಅದೇ ಅಳತೆಯ, ಅದೇ ವೋಲ್ಟೇಜಿನ, ರಕ್ಷಣಾ ಬೋರ್ಡಿರುವ ಪೊಟ್ಟಣ ತರಿಸಬಹುದು. ತಂತಿ ಎಷ್ಟು ಎಂಬುದನ್ನೂ ನೋಡಬೇಕು. ಕೆಲವಕ್ಕೆ ಶಾಖ ಅಳೆಯುವ ಮೂರನೆಯ ತಂತಿ ಇರುತ್ತದೆ. ನಮ್ಮದಕ್ಕೆ ಎರಡೇ.

ಹೊಸ ಬ್ಯಾಟರಿ ಬಂತು. ಕನೆಕ್ಟರ್ ನೋಡಲು ಹಳೆಯದರಂತೆಯೇ ಇತ್ತು. ಒತ್ತಿದರೆ ಸರಿಯಾಗಿ ಕೂರುತ್ತಿತ್ತು. ಒತ್ತುವ ಮುನ್ನ ಬೋರ್ಡಿನ ಮೇಲಿನ ಪ್ಲಸ್ ಗುರುತನ್ನೂ ತಂತಿಯ ಬಣ್ಣವನ್ನೂ ಒಮ್ಮೆ ಹೋಲಿಸಿದೆ. ಪ್ಲಸ್ ಎಂದಿದ್ದ ಕಡೆಗೆ ಕಪ್ಪು ತಂತಿ ಬರುತ್ತಿತ್ತು. ಬಣ್ಣ ಹಾಕುವುದರಲ್ಲಿ ತಪ್ಪಾಗಿರಬಹುದೆಂದು ಮೀಟರ್ ಹಿಡಿದೆ. 3.8 ವೋಲ್ಟ್ ಅಂಕಿಯ ಮುಂದೆ ಮೈನಸ್ ಗೆರೆ ಬಿದ್ದಿತ್ತು. ಬಣ್ಣ ಸರಿಯಿತ್ತು, ತಂತಿಗಳ ಜಾಗ ಅದಲು ಬದಲಾಗಿತ್ತು. ಎದೆ ಧಸಕ್ಕೆಂದಿತು. ಈ ಪುಟ್ಟ ಕನೆಕ್ಟರುಗಳಲ್ಲಿ ಯಾವ ಬದಿಗೆ ಪ್ಲಸ್ ಎಂಬುದಕ್ಕೆ ಎಲ್ಲರೂ ಪಾಲಿಸುವ ಒಂದೇ ಕ್ರಮವಿಲ್ಲ. ಹಾಗೇ ಒತ್ತಿದ್ದರೆ ಉಲ್ಟಾ ಕರೆಂಟು ಹರಿದು ಬೋರ್ಡೇ ಸುಟ್ಟುಹೋಗುತ್ತಿತ್ತು, ಮುಂದಿನ ಕಥೆಯೇ ಇರುತ್ತಿರಲಿಲ್ಲ.

ಸರಿಪಡಿಸುವುದು ನಾಜೂಕಿನ ಕೆಲಸ. ಕನೆಕ್ಟರಿನ ಬದಿಯಲ್ಲಿ ಅಕ್ಕಿಕಾಳಿಗಿಂತ ಸಣ್ಣ ಪ್ಲಾಸ್ಟಿಕ್ ನಾಲಿಗೆ ಇರುತ್ತದೆ. ಸೂಜಿಯಿಂದ ಅದನ್ನು ಮೇಲೆತ್ತಿ ಹಿಡಿದು ತಂತಿಯನ್ನು ಹಿಂದಕ್ಕೆ ಎಳೆದರೆ ಅದರ ಲೋಹದ ತುದಿ ಈಚೆ ಬರುತ್ತದೆ. ಕೆಂಪನ್ನು ಎಳೆದ ತಕ್ಷಣ ಅದರ ತುದಿಗೆ ಅಂಟುಪಟ್ಟಿ ಸುತ್ತಿದೆ. ಆಮೇಲೇ ಕಪ್ಪನ್ನು ಮುಟ್ಟಿದ್ದು. ಬರಿದಾದ ಎರಡು ತುದಿಗಳು ಒಂದಕ್ಕೊಂದು ತಾಗಿದರೆ ಬ್ಯಾಟರಿಯೇ ಶಾರ್ಟ್. ಜಾಗ ಬದಲಿಸಿ ಕೂರಿಸಿ, ಮತ್ತೆ ಅಳೆದು, ಮತ್ತೊಮ್ಮೆ ಅಳೆದು, ಒತ್ತಿದೆ.

ಗುಂಡಿ ಹಿಡಿದಾಗ ಯಂತ್ರ ಮಾತಾಡಿತು. ಅಕ್ಕ ಒಳಕೋಣೆಯಿಂದ ಎದ್ದು ಬಂದಳು. ಅವಳು ಅಷ್ಟು ಬೇಗ ಗೋಡೆ ಹಿಡಿಯದೆ ನಡೆದು ಬಂದದ್ದನ್ನು ನಾನು ಬಹಳ ದಿನದಿಂದ ನೋಡಿರಲಿಲ್ಲ.

ಆ ಸಂತೋಷ ಉಳಿದದ್ದು ಒಂದು ದಿನ. ಮಾರನೆಯ ದಿನ ಬ್ಯಾಟರಿ ಕಡಿಮೆ ಎಂದು ಯಂತ್ರವೇ ಹೇಳಿತು. ಕೇಬಲ್ ಚುಚ್ಚಿದೆ. ಟಿಂಗ್ ಇಲ್ಲ. ತಿರುಗಿಸಿ, ಅಲುಗಿಸಿ, ಬೇರೆ ಚಾರ್ಜರಿಗೆ ಹಾಕಿ ನೋಡಿದೆ. ಇಲ್ಲ. ಹೊಸ ಬ್ಯಾಟರಿಗಳು ಅರೆಬರೆ ಚಾರ್ಜಿನೊಂದಿಗೇ ಬರುತ್ತವೆ. ಬಿಡಿಯಾಗಿ ವಿಮಾನದಲ್ಲಿ ಸಾಗಿಸುವ ಲಿಥಿಯಂ ಅಯಾನ್ ಬ್ಯಾಟರಿಗಳಲ್ಲಿ ಶೇ. 30ಕ್ಕಿಂತ ಹೆಚ್ಚು ಚಾರ್ಜ್ ಇರಬಾರದು ಎಂಬ ನಿಯಮ 2016ರ ಏಪ್ರಿಲ್‌ನಿಂದ ಇದೆ. ಅಕ್ಕ ಆ ರಾತ್ರಿ ಕೇಳಿದ್ದು ಕಾರ್ಖಾನೆಯಲ್ಲಿ ತುಂಬಿಸಿದ್ದ ಚಾರ್ಜು. ನಾನು ರಿಪೇರಿ ಮಾಡಿದ್ದು ಏನೂ ಇರಲಿಲ್ಲ.

"ಅವತ್ತೇ ಹೇಳಿದ್ನಲ್ಲ, ಎಡಕ್ಕೆ ಒತ್ತಬೇಕು ಅಂತ" ಎಂದಳು ಅಕ್ಕ. ಕೋಪದಿಂದಲ್ಲ, ನೆನಪಿಸುವ ದನಿಯಲ್ಲಿ.

ಆಗ ಎಲ್ಲ ಒಂದಕ್ಕೊಂದು ಹೊಂದಿಕೊಂಡಿತು. ಚಾರ್ಜ್ ಆಗುವ ದಾರಿಯೇ ಮೊದಲು ಕೆಟ್ಟಿತ್ತು. ಚಾರ್ಜ್ ಸಿಗದೆ ಐದು ತಿಂಗಳು ಖಾನೆಯಲ್ಲಿ ಬಿದ್ದದ್ದರಿಂದ ಬ್ಯಾಟರಿ ಸತ್ತಿತ್ತು. ನಾನು ಎರಡನೆಯದನ್ನು ನೋಡಿ ಅದೇ ಮೊದಲನೆಯದೆಂದು ತಿಳಿದಿದ್ದೆ. ರೋಗ ಎಲ್ಲಿದೆ ಎಂದು ಅಕ್ಕನ ಕೈ ಏಳು ತಿಂಗಳ ಹಿಂದೆಯೇ ಕಂಡುಹಿಡಿದು ನನಗೆ ಹೇಳಿತ್ತು. ಯಾವ ಬದಿಗೆ ಬಿರುಕು ಎಂಬುದನ್ನು ಕೂಡ.

ಮತ್ತೆ ಬಿಚ್ಚಿದೆ. ಈ ಸಲ ಗಮನ ಪೂರ್ತಿ, ಚಾರ್ಜಿನ ಕೇಬಲ್ ಕೂರುವ ಮೈಕ್ರೊ ಯುಎಸ್‌ಬಿ ಸಾಕೆಟ್ಟಿನ ಮೇಲೆ. ಐದು ಪಿನ್ನುಗಳು, ಒಂದರ ಮಧ್ಯದಿಂದ ಇನ್ನೊಂದರ ಮಧ್ಯಕ್ಕೆ 0.65 ಮಿಲಿಮೀಟರ್. ಮೊದಲನೆಯದು 5 ವೋಲ್ಟ್ ಬರುವ ಪಿನ್ನು, ಐದನೆಯದು ಕರೆಂಟು ಹಿಂತಿರುಗುವ ಗ್ರೌಂಡ್, ನಡುವಿನವು ಮಾಹಿತಿಗೆ ಮತ್ತು ಗುರುತಿಗೆ. ಚಾರ್ಜರ್ ಚುಚ್ಚಿ, ಕಪ್ಪು ಕಡ್ಡಿಯನ್ನು ಸಾಕೆಟ್ಟಿನ ಲೋಹದ ಹೊದಿಕೆಗೆ ಹಿಡಿದು, ಕೆಂಪು ಕಡ್ಡಿಯ ಮೊನೆಯನ್ನು ಮೊದಲ ಪಿನ್ನಿನ ಬೆಸುಗೆಗೆ ಒತ್ತಿದೆ. 5.1 ವೋಲ್ಟ್. ಸಾಕೆಟ್ ಚೆನ್ನಾಗೇ ಇದೆಯಲ್ಲ ಅನ್ನಿಸಿತು. ಅಷ್ಟರಲ್ಲಿ ಟಿಂಗ್ ಎಂದಿತು ಯಂತ್ರ. ಕಡ್ಡಿ ತೆಗೆದೆ, ಚಾರ್ಜ್ ನಿಂತಿತು. ಒತ್ತಿದೆ, ಟಿಂಗ್.

ಅಳೆಯುವ ಕಡ್ಡಿಯೇ ಬಿರುಕನ್ನು ಮುಚ್ಚುತ್ತಿತ್ತು. ಅಕ್ಕನ ಬೆರಳು ಕೇಬಲ್ಲನ್ನು ಒತ್ತಿ ಮಾಡುತ್ತಿದ್ದ ಕೆಲಸವನ್ನೇ ನನ್ನ ಮೀಟರಿನ ಮೊನೆ ಮಾಡುತ್ತಿತ್ತು. ಪಿನ್ನನ್ನು ಮುಟ್ಟದೆ, ಅದೇ ತಾಮ್ರದ ಗೆರೆಯಲ್ಲಿ ಮುಂದೆ ಇದ್ದ ಕೆಪಾಸಿಟರ್ ಎಂಬ ಸಣ್ಣ ಬಿಡಿಭಾಗದ ತುದಿಯಲ್ಲಿ ಅಳೆದೆ. ಸೊನ್ನೆ. ಸಂಶಯಪಟ್ಟ ಜಾಗವನ್ನು ಒತ್ತದೆ ಅದರ ಆಚೆ ಈಚೆ ಅಳೆಯಬೇಕು ಎಂಬುದು ನನಗೆ ಹೀಗೆ ತಿಳಿಯಿತು. ಭೂತಗನ್ನಡಿ ಹಿಡಿದು ಟಾರ್ಚನ್ನು ಓರೆಯಾಗಿ ಬಿಟ್ಟು ನೋಡಿದಾಗ ಮೊದಲ ಪಿನ್ನಿನ ಬುಡದಲ್ಲಿ ಕೂದಲೆಳೆಯಂಥ ಕಪ್ಪು ಗೆರೆ ಕಂಡಿತು. ಸಾಕೆಟ್ಟನ್ನು ಬೋರ್ಡಿಗೆ ಹಿಡಿದಿಡುವ ಲೋಹದ ಕಿವಿಗಳಲ್ಲಿ ಒಂದರ ಸುತ್ತಲೂ ಅಂಥದೇ ಉಂಗುರ. ಮೈಕ್ರೊ ಯುಎಸ್‌ಬಿಯನ್ನು ಹತ್ತು ಸಾವಿರ ಸಲ ಚುಚ್ಚಿ ತೆಗೆಯಲು ಲೆಕ್ಕ ಹಾಕಿ ಮಾಡಿರುತ್ತಾರೆ. ಆದರೆ ಆ ಲೆಕ್ಕ ನೇರವಾಗಿ ಚುಚ್ಚಿದರೆ. ಕಣ್ಣು ಕಾಣದವರು ಬಾಯಿ ಹುಡುಕುತ್ತ ಓರೆಯಾಗಿ ತಳ್ಳಿದಾಗಲೆಲ್ಲ ಭಾರ ಬೀಳುವುದು ಆ ಬೆಸುಗೆಗಳ ಮೇಲೆ. ಮೇಲೆ ಕೆಳಗೆ ನೋಡಿಯೇ ಚುಚ್ಚಬೇಕಾದ ಸಾಕೆಟ್ಟನ್ನು ದೃಷ್ಟಿ ಇಲ್ಲದವರಿಗಾಗಿ ಮಾಡಿದ ಯಂತ್ರಕ್ಕೆ ಹಾಕಿದ್ದಾರಲ್ಲ ಎಂದು ನನಗೆ ಇವತ್ತಿಗೂ ಬೇಸರವಿದೆ. ಟೈಪ್ ಸಿ ಆದರೆ ಹೇಗೆ ಚುಚ್ಚಿದರೂ ಹೋಗುತ್ತದೆ. ಅದು ಬಂದದ್ದು 2014ರಲ್ಲಿ, ಈ ಪ್ಲೇಯರಿನ ವಿನ್ಯಾಸವಾದ ಮೇಲೆ.

ಬೆಸುಗೆ ಹಾಕಲೇಬೇಕಿತ್ತು, ನನಗೆ ಬೆಸುಗೆ ಬರುತ್ತಿರಲಿಲ್ಲ. ಶಾಖ ಹೊಂದಿಸಬಹುದಾದ ಸೋಲ್ಡರಿಂಗ್ ಐರನ್, ತವರ ಸೀಸದ ತಂತಿ, ಬೆಸುಗೆ ಚೆನ್ನಾಗಿ ಹರಿಯಲು ಹಚ್ಚುವ ಫ್ಲಕ್ಸ್, ಹೆಚ್ಚಾದ ಬೆಸುಗೆಯನ್ನು ಹೀರುವ ತಾಮ್ರದ ಜಡೆ, ಇಷ್ಟನ್ನು ಕೂಡಿಸಿಕೊಂಡೆ. ಕೆಟ್ಟು ಮೂಲೆಯಲ್ಲಿದ್ದ ಒಂದು ಹಳೆಯ ಮೋಡೆಮ್ಮಿನ ಬೋರ್ಡಿನ ಮೇಲೆ ಮೂರು ಸಂಜೆ ಅಭ್ಯಾಸ ಮಾಡಿದೆ. ಮೊದಲ ಸಂಜೆ ಹಾಕಿದ್ದೆಲ್ಲ ಉಂಡೆ ಉಂಡೆಯಾಗಿ ನಿಂತಿತು. ಐರನ್ನಿನಿಂದ ತಂತಿಯನ್ನು ಕರಗಿಸಿ ಮೇಲೆ ಸುರಿಯುತ್ತಿದ್ದೆ, ಅದು ತಪ್ಪು ಕ್ರಮ. ಪಿನ್ನು ಮತ್ತು ಅದರಡಿಯ ತಾಮ್ರ ಎರಡೂ ಬಿಸಿಯಾಗಬೇಕು, ಆ ಬಿಸಿಗೆ ತಂತಿ ತಾನೇ ಕರಗಿ ಹರಿಯಬೇಕು. ಸರಿಯಾಗಿ ಹರಿದಾಗ ಬೆಸುಗೆ ಪಿನ್ನಿನ ಬುಡದಿಂದ ಇಳಿಜಾರಾಗಿ ಹರಡಿ ಹೊಳೆಯುತ್ತದೆ. ಫ್ಲಕ್ಸ್ ಹಚ್ಚಿದ ಮೇಲೆ ಅದು ಎಷ್ಟು ಸರಾಗವಾಗಿ ಹರಿಯಿತೆಂದರೆ, ಎರಡನೆಯ ಸಂಜೆ ಹೊತ್ತು ಹೋದದ್ದೇ ನನಗೆ ಗೊತ್ತಾಗಲಿಲ್ಲ.

ಇನ್ನೊಂದು ವಿಷಯ ಅಭ್ಯಾಸದಲ್ಲೇ ಹೊಳೆಯಿತು. ಕಾರ್ಖಾನೆಯ ಬೆಸುಗೆ ಸುಲಭಕ್ಕೆ ಕರಗುವುದಿಲ್ಲ. 2006ರ ಜುಲೈಯಿಂದ ಯುರೋಪಿನಲ್ಲಿ ಇಂಥ ವಸ್ತುಗಳಲ್ಲಿ ಸೀಸಕ್ಕೆ ನಿರ್ಬಂಧ ಬಂದ ಮೇಲೆ ಹೆಚ್ಚಿನ ಬೋರ್ಡುಗಳಲ್ಲಿ ಸೀಸವಿಲ್ಲದ ಬೆಸುಗೆ ಇರುತ್ತದೆ. ಅದು ಕರಗಲು ಸುಮಾರು 217 ಡಿಗ್ರಿ ಸೆಲ್ಸಿಯಸ್ ಬೇಕು. ನನ್ನಲ್ಲಿದ್ದ 63 ಪಾಲು ತವರ, 37 ಪಾಲು ಸೀಸದ ತಂತಿ 183ಕ್ಕೇ ಕರಗುತ್ತದೆ. ಹಳೆಯದರ ಮೇಲೆ ಹೊಸದನ್ನು ಸ್ವಲ್ಪ ಬೆರೆಸಿದರೆ ಎರಡೂ ಕೂಡಿ ಕಡಿಮೆ ಶಾಖಕ್ಕೆ ಬಗ್ಗುತ್ತವೆ, ಪಕ್ಕದ ಪ್ಲಾಸ್ಟಿಕ್ ಉಳಿಯುತ್ತದೆ. ಸೀಸದ ಕೆಲಸ ಮಾಡಿದ ಮೇಲೆ ಕೈ ಚೆನ್ನಾಗಿ ತೊಳೆಯಬೇಕು, ಫ್ಲಕ್ಸಿನ ಹೊಗೆ ಮುಖಕ್ಕೆ ಬಾರದಂತೆ ಕಿಟಕಿ ತೆರೆದಿರಬೇಕು.

ಸಾಕೆಟ್ಟಿನ ಕಿವಿಗಳಿಗೆ ಬೆಸುಗೆ ಮುಟ್ಟಿಸಲು ಬೋರ್ಡನ್ನು ಪೂರ್ತಿ ಹೊರತೆಗೆಯಬೇಕಿತ್ತು. ಬ್ಯಾಟರಿ ಕಳಚಿಟ್ಟೆ. ಬೋರ್ಡಿಗೂ ಮುಂಬದಿಯ ಗುಂಡಿಗಳಿಗೂ ನಡುವೆ ಕಾಗದದಷ್ಟು ತೆಳ್ಳಗಿನ ರಿಬ್ಬನ್ ಕೇಬಲ್ ಇತ್ತು. ಈ ಇಡೀ ಕೆಲಸದಲ್ಲಿ ನನಗೆ ಅತಿ ಹೆಚ್ಚು ನೋವಾದದ್ದು ಇಲ್ಲಿ.

ರಿಬ್ಬನ್ ಹಿಡಿದಿಡುವ ಕನೆಕ್ಟರುಗಳಲ್ಲಿ ಒಂದು ಬಗೆಯದರ ಬೀಗವನ್ನು ಎರಡು ತುದಿಯಲ್ಲಿ ಹಿಡಿದು ಹೊರಕ್ಕೆ ಜಾರಿಸಬೇಕು. ಇನ್ನೊಂದರ ಬೀಗವನ್ನು ಬಾಗಿಲಿನಂತೆ ಮೇಲಕ್ಕೆ ತೆರೆಯಬೇಕು. ನಾನು ನೋಡಿದ್ದ ವಿಡಿಯೋದಲ್ಲಿದ್ದದ್ದು ಮೊದಲ ಬಗೆ, ನನ್ನ ಮುಂದಿದ್ದದ್ದು ಎರಡನೆಯದು. ಚಿಮಟದಿಂದ ಹೊರಕ್ಕೆ ಎಳೆದೆ. ಸಣ್ಣ ಸದ್ದಾಯಿತು. ಬೀಗದ ಒಂದು ಕಿವಿ ಮುರಿದು ಮೇಜಿನ ಮೇಲೆ ಬಿತ್ತು, ಸಾಸಿವೆಗಿಂತ ಸಣ್ಣ ಚೂರು. ರಿಪೇರಿ ಕಲಿಸುವ ಐಫಿಕ್ಸಿಟ್ ಎಂಬ ಜಾಲತಾಣದಲ್ಲಿ ಎರಡೂ ಬಗೆಯ ಬೀಗ ತೆರೆಯುವುದನ್ನು ಚಿತ್ರಗಳ ಸಮೇತ ವಿವರಿಸಿದ್ದಾರೆ. ನಾನು ಅದನ್ನು ಓದಿದ್ದು ಮುರಿದ ಮೇಲೆ.

ಆ ರಾತ್ರಿ ಮುಂದುವರಿಸಲಿಲ್ಲ. ಕೈ ನಡುಗುತ್ತಿತ್ತು. ಎಲ್ಲವನ್ನೂ ಡಬ್ಬಿಯಲ್ಲಿಟ್ಟು ಮುಚ್ಚಿದೆ. ಅಕ್ಕ ಕೇಳಿದಾಗ ಮುಚ್ಚಿಡದೆ ಹೇಳಿದೆ: ಗುಂಡಿಗಳ ಕಡೆಯ ಒಂದು ಕೊಂಡಿ ನನ್ನಿಂದ ಮುರಿದಿದೆ, ಏನಾಗುತ್ತದೋ ಗೊತ್ತಿಲ್ಲ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿಧಾನ ಮಾಡು, ಅವಸರ ಇಲ್ಲ" ಅಂದಳು.

ಎರಡು ದಿನ ಬಿಟ್ಟು ಬೆಸುಗೆಗೆ ಕೂತೆ. ಹಳೆಯ ಬೆಸುಗೆಯ ಮೇಲೆ ಫ್ಲಕ್ಸ್ ಹಚ್ಚಿ, ಮೊದಲು ಕಿವಿಗಳಿಗೆ ಹಾಕಿದೆ. ಅವು ಗ್ರೌಂಡಿನ ಅಗಲವಾದ ತಾಮ್ರಕ್ಕೆ ಸೇರಿರುವುದರಿಂದ ಶಾಖವನ್ನೆಲ್ಲ ಹೀರಿಕೊಳ್ಳುತ್ತವೆ, ಐರನ್ನನ್ನು ಹೆಚ್ಚು ಹೊತ್ತು ಹಿಡಿಯಬೇಕಾಯಿತು. ಆಮೇಲೆ ಮೊದಲ ಪಿನ್ನು. ಉಸಿರು ಬಿಗಿಹಿಡಿದು ಮೊನೆ ಮುಟ್ಟಿಸಿ, ಒಂದು ಎರಡು ಎಣಿಸಿ ತೆಗೆದೆ. ಭೂತಗನ್ನಡಿಯಲ್ಲಿ ನೋಡಿದರೆ ಮೊದಲನೆಯದೂ ಎರಡನೆಯದೂ ಒಂದಾಗಿ ಕೂಡಿಕೊಂಡಿದ್ದವು. ತಾಮ್ರದ ಜಡೆಗೆ ಫ್ಲಕ್ಸ್ ಹಚ್ಚಿ ಮೇಲಿಟ್ಟು ಐರನ್ ಒತ್ತಿದೆ. ಹೆಚ್ಚಾದದ್ದು ಜಡೆಯೊಳಗೆ ಹೀರಿಹೋಯಿತು, ನಡುವಿನ ಸಂದು ಮತ್ತೆ ಕಂಡಿತು. ಎಲ್ಲ ಮುಗಿದ ಮೇಲೆ ಆಲ್ಕೊಹಾಲಿನಿಂದ ಒರೆಸಿ, ಮೀಟರನ್ನು ಬೀಪ್ ಸದ್ದಿಗಿಟ್ಟು, ಅಕ್ಕಪಕ್ಕದ ಪಿನ್ನುಗಳನ್ನು ಒಂದೊಂದಾಗಿ ಪರೀಕ್ಷಿಸಿದೆ. ಮೊದಲನೆಯದಕ್ಕೂ ಗ್ರೌಂಡಿಗೂ ಸದ್ದಿಲ್ಲ. ಮೊದಲನೆಯದಕ್ಕೂ ಎರಡನೆಯದಕ್ಕೂ ಸದ್ದಿಲ್ಲ. ಪಿನ್ನನ್ನು ಬಿಟ್ಟು, ಕೇಬಲ್ ಕೂರುವ ಬಾಯಿಯ ಒಳಗಿನ ಲೋಹದಿಂದ ಆಚೆಯ ಕೆಪಾಸಿಟರಿಗೆ ಹಿಡಿದಾಗ ಬೀಪ್.

ರಿಬ್ಬನ್ನನ್ನು ಮುರಿದ ಬೀಗದಲ್ಲೇ ಕೂರಿಸಿ, ಬ್ಯಾಟರಿಯನ್ನು ಕೊನೆಗೆ ಸೇರಿಸಿ, ಕೇಬಲ್ ಚುಚ್ಚಿದೆ. ಟಿಂಗ್. ಕೈ ಬಿಟ್ಟೆ. ಚಾರ್ಜ್ ನಿಲ್ಲಲಿಲ್ಲ. ಅಲುಗಿಸಿದೆ, ನಿಲ್ಲಲಿಲ್ಲ.

ಆದರೆ ಗುಂಡಿಗಳು. ಒಂದರಿಂದ ಆರರವರೆಗೆ ಎಲ್ಲ ಮಾತಾಡಿದವು, ಸೊನ್ನೆಯೂ. ಏಳು, ಎಂಟು, ಒಂಬತ್ತು ಮೌನ. ಅಕ್ಕ 78ನೇ ಪುಟಕ್ಕೆ ಹೋಗಬೇಕೆಂದರೆ ಆಗದು. ಮೊದಲು ದಿಕ್ಕು ತೋಚಲಿಲ್ಲ. ಸುಮ್ಮನೆ ಆ ಮೂರು ಅಂಕಿಗಳನ್ನು ಹಾಳೆಯ ಮೇಲೆ ಬರೆದು ನೋಡುತ್ತ ಕೂತಾಗ, ಮೂರೂ ಒಂದೇ ಸಾಲಿನಲ್ಲಿವೆಯಲ್ಲ ಎಂದು ಹೊಳೆಯಿತು. ಪ್ರತಿ ಗುಂಡಿಗೂ ಬೇರೆ ತಂತಿ ಇರುವುದಿಲ್ಲ. ಅಡ್ಡ ಸಾಲಿಗೊಂದು, ಉದ್ದ ಸಾಲಿಗೊಂದು ಗೆರೆ. ಗುಂಡಿ ಒತ್ತಿದಾಗ ಒಂದು ಅಡ್ಡ, ಒಂದು ಉದ್ದ ಕೂಡುತ್ತವೆ, ಅದರಿಂದ ಯಾವ ಅಂಕಿ ಎಂದು ಯಂತ್ರಕ್ಕೆ ತಿಳಿಯುತ್ತದೆ. ಮೂರನೆಯ ಅಡ್ಡ ಸಾಲು ಪೂರ್ತಿ ಸತ್ತಿದೆ ಅಂದರೆ ಒಂದೇ ಒಂದು ಗೆರೆ ತಾಗುತ್ತಿಲ್ಲ. ಅದು ಬೀಗ ಮುರಿದ ಬದಿಯ ಕಟ್ಟಕಡೆಯ ಗೆರೆಯೇ ಇರಬೇಕು, ಅಲ್ಲಿ ಮಾತ್ರ ರಿಬ್ಬನ್ನನ್ನು ಒತ್ತಿ ಹಿಡಿಯುವುದು ಏನೂ ಇಲ್ಲ. ಬೆರಳುಗುರಿನಿಂದ ಆ ಬದಿಯನ್ನು ಒತ್ತಿ ಏಳು ಅಮುಕಿದೆ. "ಏಳು" ಎಂದಿತು.

ಔಷಧದ ಮಾತ್ರೆ ಬರುವ ಪಟ್ಟಿಯ ಪ್ಲಾಸ್ಟಿಕ್ಕಿನಿಂದ ಎರಡು ಮಿಲಿಮೀಟರ್ ಅಗಲದ ಚೂರು ಕತ್ತರಿಸಿ, ರಿಬ್ಬನ್ನಿಗೂ ಬೀಗಕ್ಕೂ ನಡುವೆ ಬೆಣೆಯಂತೆ ತೂರಿಸಿ, ಮೇಲಿಂದ ಶಾಖ ತಡೆಯುವ ಅಂಬರ್ ಬಣ್ಣದ ಅಂಟುಪಟ್ಟಿ ಬಿಗಿದೆ. ಮೂರೂ ಗುಂಡಿ ಬಂದವು. ಹಾಳೆಯ ಮೇಲಿನ ಚಿತ್ರ ನೋಡಿಕೊಂಡು ಉದ್ದ ತಿರುಪು ಮೇಲೆ, ಗಿಡ್ಡ ತಿರುಪು ಕೆಳಗೆ ಹಾಕಿ ಮುಚ್ಚಿ ಅಕ್ಕನ ಕೈಗಿಟ್ಟೆ.

ಅವಳು ಪುಸ್ತಕ ಹಾಕಲಿಲ್ಲ. ಮೊದಲು ಇಡೀ ಯಂತ್ರದ ಮೇಲೆ ಬೆರಳಾಡಿಸಿದಳು. ಚಾಕು ಕಚ್ಚಿದ ಮೂಲೆಯಲ್ಲಿ ಬೆರಳು ನಿಂತಿತು, ಏನೂ ಅನ್ನಲಿಲ್ಲ. ಐದರ ಚುಕ್ಕೆ ಹುಡುಕಿಕೊಂಡು, ಅಲ್ಲಿಂದ ಒಂದೊಂದೇ ಗುಂಡಿ ಒತ್ತುತ್ತ ಹೋದಳು. ಯಂತ್ರ ಅಂಕಿ ಹೇಳುತ್ತ ಹೋಯಿತು. ಎಲ್ಲ ಆದ ಮೇಲೆ ಮತ್ತೆ ಕೆಳಗಿನ ಸಾಲಿಗೆ ಬಂದಳು.

"ಒಂಬತ್ತು ತಡ ಮಾಡ್ತಾ ಇದೆ. ಎರಡು ಸಲ ಒತ್ತಬೇಕಾಯ್ತು ನೋಡು."

ನನಗೆ ಅದು ಗೊತ್ತೇ ಆಗಿರಲಿಲ್ಲ. ನಾನು ಒತ್ತಿದಾಗ ಸರಿಯಾಗೇ ಬಂದಿತ್ತು. ಆದರೆ ಈ ಸಲ ಕೇಬಲ್ ತಂದುಕೊಟ್ಟು ಸುಮ್ಮನಾಗಲಿಲ್ಲ. ಅಲ್ಲೇ ಕೂತು ಐದೂ ತಿರುಪು ಬಿಚ್ಚಿದೆ. ನನ್ನ ಬೆಣೆ ಒಂದು ಕೂದಲಿನಷ್ಟು ಓರೆಯಾಗಿ ಕೂತಿತ್ತು. ತೆಗೆದು, ಸ್ವಲ್ಪ ಅಗಲದ ಇನ್ನೊಂದನ್ನು ಕತ್ತರಿಸಿ ನೇರ ಕೂರಿಸಿದೆ. ಮುಚ್ಚುವ ಮೊದಲೇ ಅವಳ ಕೈಗೆ ಕೊಟ್ಟು ಒತ್ತಿಸಿದೆ. ಒಂಬತ್ತನ್ನು ಹತ್ತು ಸಲ ಒತ್ತಿದಳು, ಹತ್ತು ಸಲವೂ ಹೇಳಿತು.

ಮುಚ್ಚಳದ ಒಳಮೈಗೆ ಒಂದು ಚೀಟಿ ಅಂಟಿಸಿದ್ದೇನೆ. ಬ್ಯಾಟರಿ 503450, ಬದಲಿಸಿದ ದಿನಾಂಕ, ಪ್ಲಸ್ ತಂತಿ ಯಾವ ಬದಿಗೆ, ಉದ್ದ ತಿರುಪು ಎರಡು ಮೇಲೆ, ಐದನೆಯ ತಿರುಪು ಚೀಟಿಯ ಅಡಿ, ರಿಬ್ಬನ್ ಬೀಗ ಮೇಲಕ್ಕೆ ತೆರೆಯುತ್ತದೆ, ಎಡಕಿವಿ ಮುರಿದಿದೆ, ಬೆಣೆ ತೆಗೆಯಬೇಡಿ. ಮುಂದೆ ಇದನ್ನು ಬಿಚ್ಚುವವರು ನಾನೋ ಬೇರೆಯವರೋ ಗೊತ್ತಿಲ್ಲ. ಸಾಕೆಟ್ಟಿನ ಬಾಯಿಯ ಪಕ್ಕ, ಕೇಬಲ್ಲಿನ ಅಗಲ ಬದಿ ಯಾವ ಕಡೆ ಎಂದು ಬೆರಳಿಗೆ ತಿಳಿಯಲು, ಹೊರಗೆ ಒಂದು ಉಬ್ಬಿದ ಅಂಟಿನ ಚುಕ್ಕೆಯನ್ನೂ, ಕೇಬಲ್ಲಿನ ತಲೆಯ ಮೇಲೆ ಅಂಥದೇ ಇನ್ನೊಂದನ್ನೂ ಇಟ್ಟೆ. ಎರಡು ಚುಕ್ಕೆ ಒಂದೇ ಕಡೆಗೆ ಬಂದರೆ ನೇರ ತಳ್ಳಬಹುದು.

ಕೊನೆಯ ತಿರುಪು ಹಾಕಿ ಕೊಟ್ಟಾಗ ಅಕ್ಕ ಓದುವ ಗುಂಡಿ ಒತ್ತಿದಳು. ನಿಂತುಹೋಗಿದ್ದ ವಾಕ್ಯದ ನಡುವಿನಿಂದ ಧ್ವನಿ ಶುರುವಾಯಿತು. ನಾನು ಏನೋ ಹೇಳಲು ಹೋದೆ.

"ತಾಳು, ಇವಳು ಆ ಮನೆಗೆ ಯಾಕೆ ಹೋದಳು ಅಂತ ಮರ್ತೇ ಹೋಗಿದೆ" ಎಂದು ಅಧ್ಯಾಯದ ಆರಂಭಕ್ಕೆ ಹಿಂದೆ ಹೋಗುವ ಗುಂಡಿಯನ್ನು ಒತ್ತಿದಳು.